ಮೆಹಬೂಬ್ ಸಾಬರಿಗೆ ನೆಮ್ಮದಿ ಕೊಟ್ಟ ಕಂಪನಿ

ಹುಣಸೂರಿನಿಂದ ಬಿಳಿಕೆರೆ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ. ಅದರ ಗೇಟು ದಾಟಿದ ಕೂಡಲೇ ಎಡಕ್ಕಿರುವ ಪುಟ್ಟ ಕೋಣೆಯೇ ಟೈಮ್ ಆಫೀಸು. ಅಲ್ಲಿ ಕೂತು ಇಡೀ ಫ್ಯಾಕ್ಟರಿಯ ಹಾಜರಿ ನೋಡಿಕೊಳ್ಳುತ್ತಿದ್ದವರು ಮೆಹಬೂಬ್ ಸಾಬರು. ಅವರ ತಂದೆ ಹುಣಸೂರು ಪೇಟೆಯಲ್ಲಿ ಹೆಸರು ಮಾಡಿದ್ದ ದರ್ಜಿ. ಮಗನ ಕೈಗೂ ಕತ್ತರಿ ಕೊಟ್ಟು ನೋಡಿದರು. ಮಗ ಹೊಲಿದ ಮೊದಲ ಪ್ಯಾಂಟು ತೊಟ್ಟ ಗಿರಾಕಿ ನಿಂತರೆ ಕೂರಲಾರದೆ, ಕೂತರೆ ಏಳಲಾರದೆ ಒದ್ದಾಡಿದ್ದನ್ನು ಕಂಡು, "ಬಟ್ಟೆ ಹತ್ರ ಹೋಗ್ಬೇಡಪ್ಪ, ನೀನು ಮನುಷ್ಯರ ಜೊತೇಲೇ ಏನಾದ್ರೂ ಮಾಡ್ಕೋ" ಎಂದು ಕೈಮುಗಿದರು. ಫ್ಯಾಕ್ಟರಿ ಶುರುವಾದಾಗ ಸಾಬರು ಟೈಮ್ ಆಫೀಸು ಸೇರಿದ್ದು ಹೀಗೆ.

ರಜೆ ಬೇಕಾದವರು ಬೆಳಿಗ್ಗೆ ಫೋನ್ ಮಾಡಿ ಅವರಿಗೆ ಕಾರಣ ಹೇಳಬೇಕಿತ್ತು. ಸಾಬರು ರಿಸೀವರನ್ನು ಎಡಗಿವಿಗೊತ್ತಿ ಕಣ್ಣು ಮುಚ್ಚಿಕೊಂಡರೆಂದರೆ ಪಾಟೀಸವಾಲು ಶುರುವಾಯಿತೆಂದೇ ಅರ್ಥ. ಕಟಿಂಗ್ ಸೆಕ್ಷನ್ನಿನ ಬೆಟ್ಟಸ್ವಾಮಿ ಒಮ್ಮೆ, "ಮೈಬೂಬಣ್ಣ, ಆಸ್ಪತ್ರೇಲಿ ಮನಗಿವ್ನಿ, ಗುಲ್ಕೋಸ್ ಆಕವ್ರೆ" ಎಂದು ನರಳಿದ. ಸಾಬರು ಸ್ವಲ್ಪ ಹೊತ್ತು ಆಲಿಸಿ ಕೇಳಿದರು: "ಆಸ್ಪತ್ರೇಲಿ ತಮಟೆ ಯಾರ್ಲಾ ಬಡೀತಾವ್ರೆ, ಡಾಕ್ಟ್ರಾ, ನರ್ಸಮ್ಮನಾ?"

ಆ ಕಡೆ ನರಳಾಟ ನಿಂತಿತು. "ಮಾರಮ್ಮನಬ್ಬ ಕಣಣ್ಣ..."

"ಅಂಗಂತ ಯೋಳಕ್ಕೆ ಏನ್ಲಾ ರೋಗ ನಿಂಗೆ? ನಾಳೆ ಬರ್ನಿಲ್ಲ ಅಂದ್ರೆ ನಿನ್ನ ಚರ್ಮದಲ್ಲೇ ತಮಟೆ ಕಟ್ಟುಸ್ತೀನಿ!" ಎಂದು ಬೈದು, ಅವನ ಹೆಸರಿಗೆ ರಜೆ ಬರೆದುಕೊಂಡರು.

ಬೈಯದೆ ರಜೆ ಕೊಟ್ಟರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ನಿಜವಾಗಿ ಜ್ವರ ಬಂದವರಿಗೂ ಬೈಗುಳ ತಪ್ಪಿದ್ದಲ್ಲ. ಆದರೆ ಬೈದ ಮೇಲೆ ರಜೆ ಇಲ್ಲವೆಂದ ಉದಾಹರಣೆ ಕಡಿಮೆ. ಈ ಫ್ಯಾಕ್ಟರಿ ನಿಂತಿರುವುದು ಬೇರೆ ಯಾವ ಕಂಬದ ಮೇಲೂ ಅಲ್ಲ, ತಮ್ಮ ಎಡಗಿವಿಯ ಮೇಲೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಮನೆಯಲ್ಲಿ ಹೆಂಡತಿ ಜೈನಾಬಿ ಮೈ ಬಿಸಿಯಾಗಿದೆ ಎಂದರೂ, "ಎಲ್ಲಿ, ಒಂದ್ಸಲ ಕೆಮ್ಮು ನೋಡೋಣ" ಎನ್ನುವಷ್ಟು ಆ ನಂಬಿಕೆ ಬಲಿತಿತ್ತು.

ಹೀಗಿರುವಾಗ ಫ್ಯಾಕ್ಟರಿಗೆ ಕಿರಣ್‌ಕುಮಾರ್ ಎಂಬ ಹೊಸ ಎಚ್‌ಆರ್ ಮ್ಯಾನೇಜರು ಬಂದರು. ದಿನವೂ ಮೈಸೂರಿನಿಂದ ಕಾರಿನಲ್ಲಿ ಓಡಾಡುವ, ನಗುವುದನ್ನು ಎಲ್ಲೋ ತರಬೇತಿ ಪಡೆದು ಕಲಿತಂತೆ ನಗುವ ಮನುಷ್ಯ. ಬಂದ ತಿಂಗಳಲ್ಲೇ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿ ಮೈಕು ಹಿಡಿದರು.

"ನೀವು ಕೆಲಸಗಾರರಲ್ಲ, ನಮ್ಮ ಕುಟುಂಬ. ನಿಮ್ಮ ಕಷ್ಟ ಕೇಳೋದಕ್ಕೆ ಕಂಪನಿ ಒಬ್ಬಳು ಗೆಳತಿಯನ್ನ ತಂದಿದೆ. ಅವಳ ಹೆಸರು ನೆಮ್ಮದಿ. ಅವಳು ಕೃತಕ ಬುದ್ಧಿಮತ್ತೆ. ಅವಳಿಗೆ ನಿದ್ದೆ ಇಲ್ಲ, ಸಿಟ್ಟಿಲ್ಲ, ರಜೆ ಬೇಡ."

ಕೊನೆಯ ಮಾತು ಹೇಳುವಾಗ ಅವರ ಮುಖದಲ್ಲಿ ನಿಜವಾದ ಪ್ರೀತಿ ಕಾಣಿಸಿತು.

ಇನ್ನು ಮೇಲೆ ರಜೆ ಬೇಕಾದವರು ನೆಮ್ಮದಿಗೆ ಫೋನ್ ಮಾಡಬೇಕು. ಅವಳು ಮಾತಾಡಿಸಿ, ದನಿಯಲ್ಲಿ ಎಷ್ಟು ದುಃಖವಿದೆಯೆಂದು ಅಳೆದು, ಒಂದು ಬಣ್ಣ ಕೊಡುತ್ತಾಳೆ. ಹಸಿರು ಬಂದರೆ ನೀವು ಚೆನ್ನಾಗಿದ್ದೀರಿ, ಕೆಲಸಕ್ಕೆ ಬನ್ನಿ, ಬಾರದಿದ್ದರೆ ಅಮಾನತು. ಹಳದಿ ಬಂದರೆ ನೀರು ಕುಡಿದು, ದೀರ್ಘವಾಗಿ ಉಸಿರಾಡಿ, ಕೆಲಸಕ್ಕೆ ಬನ್ನಿ. ಕೆಂಪು ಬಂದರೆ ಮಾತ್ರ ಸಂಬಳ ಸಹಿತ ವಿಶ್ರಾಂತಿ. ಟೈಮ್ ಆಫೀಸಿನ ಫೋನಿನ ವೈರು ಅಂದೇ ಕಿತ್ತರು. ಸಾಬರಿಗೆ 'ಯೋಗಕ್ಷೇಮ ರಾಯಭಾರಿ' ಎಂಬ ಪದವಿ ಕೊಟ್ಟು, ಎದೆಯ ಮೇಲೆ ನಗುವ ಹೃದಯವಿದ್ದ ಹಳದಿ ಟೀಶರ್ಟು ತೊಡಿಸಿ ಫೋಟೋ ತೆಗೆದರು. ಫೋಟೋದಲ್ಲಿ ನಗುತ್ತಿದ್ದುದು ಆ ಹೃದಯ ಒಂದೇ.

ನೆಮ್ಮದಿಯ ಕನ್ನಡ ಗ್ರಂಥ ಓದಿ ಕಲಿತ ಕನ್ನಡ. ಫಿನಿಶಿಂಗ್‌ನ ಸಾಕಮ್ಮನಿಗೆ ಕೀಲುನೋವಿನ ಜ್ವರ ಬಂದು ಎದ್ದು ಕೂರಲಾಗದೆ ಮಲಗಿಯೇ ಫೋನ್ ಮಾಡಿದಳು. "ಕೈಕಾಲೆಲ್ಲ ಇಡ್ಕಂಡದೆ ಕಣವ್ವ."

"ನಿಮ್ಮ ಕೈಕಾಲುಗಳನ್ನು ಯಾರು ಹಿಡಿದುಕೊಂಡಿದ್ದಾರೆ?" ಎಂದಿತು ನೆಮ್ಮದಿ, ಸಕ್ಕರೆಯಂಥ ದನಿಯಲ್ಲಿ.

"ಯಾರೂ ಇಲ್ಲ ಕಣವ್ವ, ಅದೇ ಇಡ್ಕಂಡದೆ. ಏನೋ, ಇರ್ಲಿ ಬುಡು."

"ನೀವು ಪರಿಸ್ಥಿತಿಯನ್ನು ಸಮಾಧಾನದಿಂದ ಸ್ವೀಕರಿಸಿರುವುದು ಸಂತೋಷ. ಹಸಿರು. ನಿಮ್ಮ ದಿನ ಶುಭವಾಗಿರಲಿ."

ಇಲ್ಲಿನ ಹೆಂಗಸರು ಮನೆಗೆ ಬೆಂಕಿ ಬಿದ್ದರೂ "ಏನೋ, ಇರ್ಲಿ ಬುಡು" ಎಂದೇ ಹೇಳುವವರು. ಹಾಗಾಗಿ ಎಲ್ಲರಿಗೂ ಹಸಿರು. ಜ್ವರ ಬಂದವರು ಟವಲು ಸುತ್ತಿಕೊಂಡು ಮೆಷಿನ್ ಮುಂದೆ ಕೂತರು, ಅವರ ಜ್ವರ ಪಕ್ಕದವರಿಗೆ ಹತ್ತಿತು, ಪಕ್ಕದವರಿಗೂ ಹಸಿರೇ ಬಂತು. ಗೈರುಹಾಜರಿ ಇಳಿದು ಯೋಗಕ್ಷೇಮ ಏರಿರುವ ಗೆರೆಗಳ ಚಾರ್ಟನ್ನು ಕಿರಣ್‌ಕುಮಾರ್ ಗೋಡೆಗೆ ಅಂಟಿಸಿದರು. ಅದರ ಕೆಳಗೇ ಒಬ್ಬಳು ವಾಂತಿ ಮಾಡಿಕೊಂಡಳು. ಒರೆಸುವಾಗ ಗೆರೆಗೆ ನೀರು ತಾಗದಂತೆ ನೋಡಿಕೊಳ್ಳಲು ಹೌಸ್‌ಕೀಪಿಂಗಿನವರಿಗೆ ಸೂಚನೆ ಹೋಯಿತು.

ಸಾಬರಿಗೆ ಇದನ್ನು ಕಂಡು ಅಯ್ಯೋ ಅನಿಸಲಿಲ್ಲ ಎಂದಲ್ಲ. ಆದರೆ ಮೊದಲು ಅನಿಸಿದ್ದು, "ನನ್ನ ಬಿಟ್ಟು ನಡೆಸೋಕೆ ಹೋದ್ರಲ್ಲ, ಅನುಭವಿಸಲಿ" ಎಂದು.

ಆಗ ನಡೆದದ್ದು ಚಾಮುಂಡಮ್ಮನ ಪ್ರಸಂಗ. ಚಾಮುಂಡಮ್ಮ ಕಾಲರ್ ಹೊಲಿಯುವವಳು, ಬಿಳಿಕೆರೆ ಆಚೆಯ ಒಂದು ಹಳ್ಳಿಯವಳು. ಒಂದು ಸಂಜೆ, ಮೇಯಲು ಬಿಟ್ಟಿದ್ದ ಅವಳ ಹಸು ಮನೆಗೆ ಬರಲಿಲ್ಲ. ಹುಣಸೂರು ಸೀಮೆಯ ನಾಲಿಗೆಗೆ ಹಕಾರದ ಹಂಗಿಲ್ಲ; ಹಬ್ಬ ಅಬ್ಬವಾಗುತ್ತದೆ, ಹಸು ಅಸುವಾಗುತ್ತದೆ. ನೆಮ್ಮದಿ ಓದಿದ ಗ್ರಂಥಗಳಲ್ಲಿ ಅಸು ಎಂದರೆ ಪ್ರಾಣ. ಮರುದಿನ ಬೆಳಿಗ್ಗೆ ಚಾಮುಂಡಮ್ಮ ಫೋನ್ ಮಾಡಿ, "ನನ್ನ ಅಸು ಓಯ್ತು ಕಣವ್ವ! ಅಸು ಇಲ್ದೆ ನಾನೆಂಗೆ ಬದುಕ್ಲಿ?" ಎಂದು ಗೋಳಾಡಿದಳು.

"ದಯವಿಟ್ಟು ಧೈರ್ಯ ತಂದುಕೊಳ್ಳಿ. ಒಬ್ಬರೇ ಇರಬೇಡಿ. ನಿಮ್ಮ ಪತಿ ಎಲ್ಲಿದ್ದಾರೆ?"

"ಅವ್ರೂ ಅದ್ರ ಇಂದೇ ಓಗವ್ರೆ."

ಗಂಡ ಕಾಂತರಾಜು ಹಸುವನ್ನು ಹುಡುಕಲು ಹೋಗಿದ್ದ. ನೆಮ್ಮದಿ ಮಾತ್ರ, ಗಂಡ ಹೆಂಡತಿ ಇಬ್ಬರ ಪ್ರಾಣವೂ ಹೊರಟಿದೆ ಎಂದು ತಿಳಿದು, ಫ್ಯಾಕ್ಟರಿಯಲ್ಲಿ ಮೊಟ್ಟಮೊದಲ ಕೆಂಪು ದೀಪ ಹೊತ್ತಿಸಿತು.

ಕಿರಣ್‌ಕುಮಾರ್ ಮುಖದಲ್ಲಿ ಗಾಬರಿಯೂ ಇತ್ತು, ಹಬ್ಬವೂ ಇತ್ತು. ಯೋಜನೆಗೆ ಬೇಕಾಗಿದ್ದ ಮೊದಲ ದುಃಖ ಸಿಕ್ಕಿತ್ತು. ಆಪ್ತಸಮಾಲೋಚಕಿ ರೂಪಶ್ರೀಯನ್ನೂ, ರಾಯಭಾರಿಯಾದ ಸಾಬರನ್ನೂ ಕಾರಿಗೆ ಹತ್ತಿಸಿಕೊಂಡು, ಹಿಂದೊಂದು ಆಂಬುಲೆನ್ಸ್ ಬರಹೇಳಿ ಹೊರಟರು. "ಅಲ್ಲಿ ನೀವು ಏನೂ ಮಾತಾಡ್ಬೇಡಿ ಮೆಹಬೂಬ್. ಸೂಕ್ಷ್ಮ ವಿಷಯ. ಮೇಡಂ ಟ್ರೇನಿಂಗ್ ಆಗಿರೋರು" ಎಂದು ದಾರಿಯಲ್ಲಿ ಮೂರು ಸಲ ಹೇಳಿದರು.

ಚಾಮುಂಡಮ್ಮ ಜಗಲಿಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದಳು. ಕೊಟ್ಟಿಗೆ ಖಾಲಿ ಇತ್ತು, ಗೂಟದಲ್ಲಿ ಹಗ್ಗ ನೇತಾಡುತ್ತಿತ್ತು. ಸಾಬರಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ರೂಪಶ್ರೀಗೆ ಹಗ್ಗ ಮಾತ್ರ ಕಂಡಿತು. ಆಕೆ ಮೆಲ್ಲಗೆ ಹೋಗಿ ಅದನ್ನು ಬಿಚ್ಚಿ ತನ್ನ ಬ್ಯಾಗಿಗೆ ಹಾಕಿಕೊಂಡು, ಚಾಮುಂಡಮ್ಮನ ಕೈ ಹಿಡಿದು ಕೂತಳು.

"ಯಾವಾಗಿಂದ ಹೀಗೆ ಅನಿಸ್ತಿದೆ ಅಮ್ಮ?"

"ನೆನ್ನೆ ಸಂದೆಯಿಂದ ಕಣವ್ವ. ಕೆರೆ ಏರಿ ತಾವ ಇತ್ತು, ತಿರುಗಿ ನೋಡೋ ಅಷ್ಟರಲ್ಲಿ ಇಲ್ಲ."

"ಕೆರೆ ಹತ್ರ ಹೋಗಿದ್ರಾ..." ರೂಪಶ್ರೀ ಕಿರಣ್‌ಕುಮಾರ್ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. "ಅದಕ್ಕೆ ಮುಂಚೆ ಹೇಗಿತ್ತು?"

"ಚೆಂದಾಗಿತ್ತು. ಒಸಿ ಮೈಮ್ಯಾಕೆ ಆಯೋ ಬುದ್ದಿ ಇತ್ತು ಅಷ್ಟೆ."

"ಅದು ವಾಪಸ್ ಬರಬೇಕು ಅಂತ ಆಸೆ ಇದೆಯಾ ನಿಮಗೆ?"

"ಬ್ಯಾಡ್ವಾ ಮತ್ತೆ? ಇದೊಳ್ಳೆ ಮಾತಾಯ್ತು! ಗಬ್ಬ ಆಗಿತ್ತು ಕಣವ್ವ."

ರೂಪಶ್ರೀಯ ಕಣ್ಣಲ್ಲಿ ನೀರು ತುಂಬಿತು. ಸಾಬರು ಕೆಮ್ಮಿದರು. ಕಿರಣ್‌ಕುಮಾರ್ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದರು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಗಲಾಟೆಯಾಯಿತು. ಕಾಂತರಾಜು ಬೆವರಿಳಿಸುತ್ತ, ಹಸುವನ್ನು ಹೊಡೆದುಕೊಂಡು ಬರುತ್ತಿದ್ದ. ಚಾಮುಂಡಮ್ಮ ರೂಪಶ್ರೀಯನ್ನು ತಳ್ಳಿ ಓಡಿಹೋಗಿ ಅದರ ಕೊರಳು ತಬ್ಬಿದಳು. "ಬತ್ತು ಕಣಪ್ಪೋ, ನನ್ನ ಅಸು ಬತ್ತು!"

"ನೋಡಿದ್ರಾ ಸಾರ್?" ಎಂದಳು ರೂಪಶ್ರೀ. "ಮಾತಾಡಿಸಿದ್ದಕ್ಕೇ ಎಷ್ಟು ಚೇತರಿಸಿಕೊಂಡ್ರು. ಪ್ರಾಣಿಗಳ ಒಡನಾಟಾನೂ ಒತ್ತಡಕ್ಕೆ ತುಂಬ ಒಳ್ಳೇದು."

ಕಿರಣ್‌ಕುಮಾರ್ ಫೋಟೋ ತೆಗೆದರು. ಚಾಮುಂಡಮ್ಮನಿಗೆ ವಾರದ ವಿಶ್ರಾಂತಿ ಮಂಜೂರಾಯಿತು. ಕಾಂತರಾಜು ಹಸು ಕಟ್ಟಲು ಹಗ್ಗ ಹುಡುಕುತ್ತಿರುವಾಗಲೇ ಕಾರು ಹೊರಟಿತು.

ದಾರಿಯಲ್ಲಿ ಸಾಬರಿಗೆ ತಡೆಯಲಾಗಲಿಲ್ಲ. "ಸಾರ್, ಆಯಮ್ಮ ಹೇಳಿದ್ದು ಪ್ರಾಣ ಅಲ್ಲ. ಹಸು. ಹಾಲು ಕೊಡೋ ಹಸು."

ಕಿರಣ್‌ಕುಮಾರ್ ಮೊಬೈಲು ತೋರಿಸಿದರು. "ಇಲ್ಲಿ ತೊಂಬತ್ತೇಳು ಪರ್ಸೆಂಟ್ ಖಚಿತ ಅಂತ ಬಂದಿದೆ ಮೆಹಬೂಬ್. ನಿಮಗೆ ಎಷ್ಟು ಪರ್ಸೆಂಟ್ ಖಚಿತ?"

ಸಾಬರು ಇಂಥ ಪ್ರಶ್ನೆಯನ್ನು ಜೀವನದಲ್ಲಿ ಕೇಳಿರಲಿಲ್ಲ. ರೂಪಶ್ರೀ ಅವರ ಸಹಾಯಕ್ಕೆ ಬಂದಳು. "ಅವರು ಹೇಳೋದೂ ಸರಿ ಸಾರ್. ಹಸು ಅನ್ನೋದು ಒಂದು ರೂಪಕ. ಹಸು ಕಳೆದುಹೋಯ್ತು ಅಂದ್ರೆ ಒಳಗಿನ ಮಮತೆ ಕಳೆದುಹೋಯ್ತು ಅಂತ."

ಫ್ಯಾಕ್ಟರಿ ಗೇಟಿನಲ್ಲಿ ಇಳಿದವರೇ ಸಾಬರು ಎದುರಿನ ಟೀ ಅಂಗಡಿಗೆ ನಡೆದರು.

ಸುದ್ದಿ ಕಂಪನಿ ಬಸ್ಸು ಹತ್ತಿ ಎಲ್ಲ ಕಡೆ ಇಳಿಯಿತು. ಮರುವಾರದಿಂದ ಹುಣಸೂರು ಸುತ್ತಲ ಹಳ್ಳಿಗಳಲ್ಲಿ ಅಸುಗಳು ಹೋಗತೊಡಗಿದವು. ರಾವಂದೂರು ಕಡೆಯಿಂದ ಬರುವವರದು ಸೋಮವಾರ ಹೋದರೆ, ಕೆ.ಆರ್. ನಗರದ ಕಡೆಯವರದು ಸಂತೆ ದಿನ ಹೋಗುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಕಾಲ ಬಂದಾಗ, ಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಬೇಕಾದ ಗಂಡಸರ ಅಸು ಗುಂಪಾಗಿ ಹೋಯಿತು. ಬೆಟ್ಟಸ್ವಾಮಿಗೆ ಹಸುವಿರಲಿ, ಹಸುವಿನ ಗಂಟೆಯೂ ಇರಲಿಲ್ಲ. ಅವನ ಅಸು ತಿಂಗಳಿಗೆರಡು ಸಲ ಹೋಗಿ ಬಂತು. ನೆಮ್ಮದಿ ಎಲ್ಲರಿಗೂ ಧೈರ್ಯ ಹೇಳಿ ಕೆಂಪು ಕೊಟ್ಟಿತು.

ಸಾಬರಿಗೆ ಇದು ಸಹಿಸದಾಯಿತು. ಅವರಿಗೆ ಸಿಟ್ಟು ಬಂದದ್ದು ಸುಳ್ಳಿನ ಮೇಲಲ್ಲ, ಸುಳ್ಳಿನ ಬಡತನದ ಮೇಲೆ. "ನನ್ನ ಅತ್ರ ಎಂತೆಂತಾ ಸುಳ್ಳು ಯೋಳ್ತಿದ್ರಲ್ಲಾ ನೀವು!" ಎಂದು ಬೆಟ್ಟಸ್ವಾಮಿಯನ್ನು ಗೇಟಿನಲ್ಲಿ ತಡೆದು ಕೇಳಿದರು. "ಒಬ್ಬ ಗುಲ್ಕೋಸ್ ಅನ್ನೋನು, ಒಬ್ಬ ಚೇಳು ಅನ್ನೋನು. ಈಗ ಎಲ್ಲಾ ಸೇರ್ಕಂಡು ಒಂದೇ ಸುಳ್ಳಾ? ನಾಚ್ಕೆ ಆಗಲ್ವಾ?"

"ಅದಕ್ಕೆ ಅಷ್ಟೇ ಸಾಕು ಕಣಣ್ಣ. ನಿಮ್ಮಂಗೆ ರುಚಿ ನೋಡಿ ತಿನ್ನೋರು ಯಾರವ್ರೆ ಈಗ?" ಎಂದ ಬೆಟ್ಟಸ್ವಾಮಿ. ಸಾಬರಿಗೆ ಅದನ್ನು ಹೊಗಳಿಕೆ ಅಂದುಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ.

ಅವರ ಮಗಳು ನಿಶತ್‌ಳನ್ನು ಎಚ್.ಡಿ. ಕೋಟೆಗೆ ಕೊಟ್ಟಿತ್ತು. ಅಳಿಯ ಮುದಸ್ಸಿರ್ ಬೀಚನಹಳ್ಳಿ ಹತ್ತಿರದ ರೆಸಾರ್ಟೊಂದರಲ್ಲಿ ಅಡುಗೆಯವನು. ನಿಶತ್‌ಗೆ ಚೊಚ್ಚಲ ಹೆರಿಗೆ. ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಮುದಸ್ಸಿರ್ ಫೋನ್ ಮಾಡಿ, "ಮಾಮಾ, ರಕ್ತ ಕಡಿಮೆ ಇದೆಯಂತೆ, ಮೈಸೂರಿಗೆ ಕಳಿಸಬೇಕಾಗಬಹುದು ಅಂತಿದ್ದಾರೆ, ಬೇಗ ಬನ್ನಿ" ಎಂದ. ಜೈನಾಬಿ ಆಗಲೇ ಚೀಲ ತುಂಬಿ ಬಾಗಿಲಲ್ಲಿ ನಿಂತಿದ್ದರು. ಸಾಬರು, ರಾಯಭಾರಿಯೇ ನಿಯಮ ಮುರಿದರೆ ಹೇಗೆ ಎಂದುಕೊಂಡು, ಗಂಟಲು ಸರಿಮಾಡಿ ನೆಮ್ಮದಿಗೆ ಫೋನ್ ಮಾಡಿದರು.

"ನನ್ನ ಮಗಳಿಗೆ ಹೆರಿಗೆ ನೋವು ಬಂದಿದೆ. ನಾನು ಹೋಗಬೇಕು."

"ಅಭಿನಂದನೆಗಳು! ನೀವು ತಾತನಾಗುತ್ತಿದ್ದೀರಿ. ಹಸಿರು. ನಿಮ್ಮ ದಿನ ಶುಭವಾಗಿರಲಿ."

ಸಾಬರು ಮತ್ತೆ ಮಾಡಿದರು. "ಮಗಳ ಸ್ಥಿತಿ ಚೆನ್ನಾಗಿಲ್ಲ. ನನಗೆ ಭಯವಾಗಿದೆ."

"ನಿಮ್ಮ ದನಿ ಸ್ಥಿರವಾಗಿದೆ, ಉಚ್ಚಾರಣೆ ಸ್ಪಷ್ಟವಾಗಿದೆ. ನೀವು ಒತ್ತಡವನ್ನು ಚೆನ್ನಾಗಿ ನಿಭಾಯಿಸುತ್ತಿದ್ದೀರಿ. ಹಸಿರು."

ಕಿರಣ್‌ಕುಮಾರ್‌ಗೆ ಮಾಡಿದರು. ಅವರು ತುಂಬ ಮರುಗಿದರು. "ನನಗೆ ನೋವಾಗುತ್ತೆ ಮೆಹಬೂಬ್, ನಿಜವಾಗ್ಲೂ. ಆದರೆ ಸಿಸ್ಟಮ್ ಹಸಿರು ತೋರಿಸ್ತಿದೆ. ನಾನು ಕೈ ಹಾಕಿದ್ರೆ ಪಕ್ಷಪಾತ ಅಂತಾರೆ. ನಿಮಗೆ ಧೈರ್ಯ ಬೇಕಾದ್ರೆ ನೆಮ್ಮದಿ ಜೊತೆ ಮಾತಾಡಿ."

ಊರಿನವರ ಹೆರಿಗೆಗಳಿಗೆಲ್ಲ ಬೈದು ಬೈದು ರಜೆ ಕೊಟ್ಟಿದ್ದ ಮನುಷ್ಯ ಫೋನು ಹಿಡಿದುಕೊಂಡು ಅಂಗಳದಲ್ಲಿ ನಿಂತರು. ಕಾಲಿಗೆ ಹಾಕಿದ ಚಪ್ಪಲಿ ಅದಲುಬದಲಾಗಿತ್ತು. ಅದಲುಬದಲಾದ ಚಪ್ಪಲಿ ನೆಮ್ಮದಿಗೆ ಕಾಣುವುದಿಲ್ಲವಲ್ಲ. ಅವರು ಮೂರನೆಯ ಸಲ ನಂಬರು ಒತ್ತಿ, ಬೇರೆಯೇ ದನಿಯಲ್ಲಿ ಕೂಗಿದರು: "ಅಯ್ಯೋ, ನನ್ನ ಅಸು ಓಯ್ತು ಕಣವ್ವೋ! ನಾನೆಂಗಿರ್ಲಿ!"

ಕೆಂಪು ಬಂತು.

ಕೋಟೆ ಬಸ್ಸಿನಲ್ಲಿ ಕೂತ ಮೇಲೆ ಜೈನಾಬಿ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದರು. "ಅಲ್ಲಾರೀ, ಮೆಹಬೂಬ್ ಅಂತ ಹೆಸರಿಟ್ಕೊಂಡು, ಹಸು ಕಾಣ್ತಿಲ್ಲ ಅಂತ ರೆಕಾರ್ಡಿಂಗಲ್ಲಿ ಹೇಳಿ ಬಂದ್ರಲ್ಲ, ಈ ಕಾಲದಲ್ಲಿ? ಬೇರೆ ಯಾವ ಪ್ರಾಣೀನೂ ಸಿಗ್ಲಿಲ್ವಾ ನಿಮಗೆ?"

ಸಾಬರು ಕಿಟಕಿಯಾಚೆ ನೋಡಿದರು. "ಹೆದರ್ಬೇಡ. ಅದಕ್ಕೆ ಹಸು ಅಂತ ಗೊತ್ತಾಗಲ್ಲ. ನಾನು ಸಾಯ್ತಿದ್ದೀನಿ ಅಂತ ಬರ್ಕೊಂಡಿರುತ್ತೆ ಅಷ್ಟೆ."

"ಹಾಗಾದ್ರೆ ಪರವಾಗಿಲ್ಲ" ಎಂದು ಜೈನಾಬಿ ತಸ್ಬೀ ಮಣಿ ಎಣಿಸತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ನಿಶತ್ ಹೆಣ್ಣು ಹೆತ್ತಳು. ರಕ್ತ ಕೊಡಲು ಮುದಸ್ಸಿರ್‌ನ ರೆಸಾರ್ಟಿನ ಹುಡುಗರು ಬಂದಿದ್ದರು. ಮಗು ಸಣ್ಣದು, ಆದರೆ ಅದರ ಅಳು ವರಾಂಡದ ಕೊನೆಗೂ ಕೇಳುವಂತಿತ್ತು. ಸಾಬರು ಎಡಗಿವಿ ಕೊಟ್ಟು ಕೇಳಿ, "ಇದು ನಿಜವಾದ ಅಳು" ಎಂದರು. ಎಂದವರೇ ಗೋಡೆ ಕಡೆ ತಿರುಗಿ ತಾವೂ ಅತ್ತರು.

ಅತ್ತ ಬೆಂಗಳೂರಿನ ಹೆಡ್ ಆಫೀಸು ಬೆಚ್ಚಿಬಿದ್ದಿತ್ತು. ಕಂಪನಿಯ ಅಷ್ಟೂ ಫ್ಯಾಕ್ಟರಿಗಳಲ್ಲಿ ಬದುಕಿನ ಆಸೆಯನ್ನೇ ಕಳೆದುಕೊಂಡವರು ಹುಣಸೂರಿನಲ್ಲೇ ಹೆಚ್ಚು ಎಂದು ತಿಳಿದು ತಜ್ಞರು ಬಂದರು. ದುಃಖಕ್ಕೆ ಪರಿಹಾರವಾಗಿ ಊಟದ ವಿರಾಮದಲ್ಲಿ ಅರ್ಧವನ್ನು ತೆಗೆದು ನಗೆಯೋಗಕ್ಕೆ ಕೊಟ್ಟರು. ಹೆಂಗಸರು ಮುದ್ದೆಯನ್ನು ಗಬಗಬನೆ ನುಂಗಿ, ಸಾಲಾಗಿ ನಿಂತು, ಕೈ ಮೇಲೆತ್ತಿ ಹಹ್ಹಹ್ಹಾ ಎನ್ನಬೇಕು. ಹಕಾರ ಬಾರದ ನಾಲಿಗೆಗಳು ಆ... ಆ... ಎಂದು ನರಳಿದಂತೆ ಕೇಳಿ, ತಜ್ಞರು ಇನ್ನಷ್ಟು ಗಾಬರಿಯಾದರು.

ಕಡೆಗೆ ಯಾರೋ ಒಬ್ಬ ತಜ್ಞನ ಅಜ್ಜಿ ಪಿರಿಯಾಪಟ್ಟಣದವಳಾಗಿದ್ದಳಂತೆ. ಅವನಿಗೆ ಗುಟ್ಟು ಹೊಳೆಯಿತು. ನೆಮ್ಮದಿಗೆ ಊರ ಮಾತು ಕಲಿಸಿದರು. ಅಂದಿನಿಂದ ಅದು ಅಕಾರ ಕಂಡಲ್ಲೆಲ್ಲ ಹಕಾರ ಸೇರಿಸಿಕೊಂಡು ಕೇಳತೊಡಗಿತು. ಸಾಕಮ್ಮ ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ತರಬೇಕೆಂದರೆ, "ನಿಮಗೆ ಹಕ್ಕಿಗಳಲ್ಲಿ ಆಸಕ್ತಿ ಇರುವುದು ಮನಸ್ಸಿಗೆ ಒಳ್ಳೆಯದು. ಹಸಿರು" ಎಂದಿತು.

ಇಷ್ಟಾದರೂ ಕಿರಣ್‌ಕುಮಾರ್‌ಗೆ ಬಡ್ತಿ ಸಿಕ್ಕಿತು. ಸಾಮೂಹಿಕ ಹತಾಶೆಯಿಂದ ಫ್ಯಾಕ್ಟರಿಯೊಂದನ್ನು ಒಂದೇ ತಿಂಗಳಲ್ಲಿ ಹಸಿರಿಗೆ ತಂದ ಸಾಧನೆ ಅವರದೆಂದಾಯಿತು. ಚಾಮುಂಡಮ್ಮ ಹಸು ತಬ್ಬಿದ ಫೋಟೋ ಅವರ ಭಾಷಣಗಳಲ್ಲಿ ತೆರೆಯ ಮೇಲೆ ಬರುತ್ತದಂತೆ. ಹಗ್ಗ ಹೋದದ್ದು ಹೋದ ಹಾಗೆಯೇ. ಕಾಂತರಾಜು ಹೊಸದು ಕೊಂಡ. ಸಾಬರಿಗೆ ಮಾತ್ರ, ಒಮ್ಮೆ ಕೆಂಪು ಬಿದ್ದವರು ಇತರರ ಯೋಗಕ್ಷೇಮ ನೋಡಲು ಅರ್ಹರಲ್ಲ ಎಂಬ ಆದೇಶ ಬಂತು. ಟೀಶರ್ಟು ವಾಪಸ್ ಕೇಳಿದರು. ಜೈನಾಬಿ ಅದನ್ನು ನೆಲ ಒರೆಸಲು ಹಾಕಿಕೊಂಡಿದ್ದರಿಂದ ತೊಳೆದು ಕೊಟ್ಟುಕಳಿಸಿದರು. ಸಾಬರನ್ನು ಸ್ಟೋರಿಗೆ ಹಾಕಿದರು. ಅಲ್ಲಿ ಗುಂಡಿ, ದಾರ, ಜಿಪ್ಪುಗಳೊಡನೆ ಅವರ ಕಾಲ ಕಳೆಯುತ್ತದೆ. ಅವು ರಜೆ ಕೇಳುವುದಿಲ್ಲ.

ಆದರೆ ಶಿಫ್ಟು ಮುಗಿದ ಮೇಲೆ ಗೇಟಿನೆದುರಿನ ಟೀ ಅಂಗಡಿಯಲ್ಲಿ ಅವರಿಗೆ ಹೊಸ ಕೆಲಸ ಹುಟ್ಟಿಕೊಂಡಿದೆ. ಜೀವಮಾನವೆಲ್ಲ ಬೇರೆಯವರ ದನಿ ಕೇಳಿ ಪಳಗಿದ ಮನುಷ್ಯ ನೆಮ್ಮದಿಯನ್ನೂ ಕೇಳಿ ಕೇಳಿ ಅದರ ಚಪಲಗಳನ್ನೆಲ್ಲ ತಿಳಿದುಕೊಂಡಿದ್ದಾರೆ. ಎಲ್ಲಿ ದನಿ ಇಳಿಸಿದರೆ ಹಳದಿ, ಎಷ್ಟು ಹೊತ್ತು ಸುಮ್ಮನಿದ್ದರೆ ಕೆಂಪು ಎಂಬುದು ಅವರಿಗೆ ಗೊತ್ತು. ಕೇಳಿ ಬಂದವರಿಗೆ ಬೈಯುತ್ತ ಕಲಿಸುತ್ತಾರೆ. ಬೆಟ್ಟಸ್ವಾಮಿಯಂಥವರಿಗೆ ಒಂದೇ ಪಾಠ ಸಾಕು. ಕಷ್ಟ ಬೀಳುವವರು ಬೇರೆ.

ಮೊನ್ನೆ ಸಂಜೆ ಐರನಿಂಗ್ ಸೆಕ್ಷನ್ನಿನ ಮರಮ್ಮ ಬಂದು ಬೆಂಚಿನ ಮೇಲೆ ಕುಸಿದಳು. ಎರಡು ದಿನದಿಂದ ಜ್ವರ, ಎರಡು ದಿನವೂ ಹಸಿರು. ಸಾಬರು ಅವಳಿಗೆ ಟೀ ಹೇಳಿ, ನೆಮ್ಮದಿಗೆ ಫೋನಿನಲ್ಲಿ ಹೇಳುವ ಹಾಗೆಯೇ ಒಮ್ಮೆ ಹೇಳಿಸಿದರು.

"ಜರ ಬಂದದೆ ಕಣವ್ವ. ಬರಕ್ಕಾಯ್ತಿಲ್ಲ" ಎಂದಳು ಮರಮ್ಮ.

"ಹಸಿರು" ಎಂದರು ಸಾಬರು. "ಇನ್ನೊಂದ್ಸಲ. 'ಬರಕ್ಕಾಯ್ತಿಲ್ಲ' ಅನ್ನೋಕೆ ಮುಂಚೆ ನಿಲ್ಸು. ಉಸ್ರು ಎಳ್ಕೋ. ಆಮೇಲೆ ಅಳು."

"ಜರ ಬಂದಿರೋದು ನಿಜ ಕಣಣ್ಣ. ನಿಜ ಯೋಳಕ್ಕೂ ಪಾಠ ಬೇಕಾ?"

"ನಿಜಕ್ಕೇ ಬೇಕಾಗಿರೋದು. ಸುಳ್ಳಾಗಿದ್ರೆ ನೀನೇ ಯೋಳ್ಕತಿದ್ದೆ. ಊಂ, ಶುರು ಮಾಡು."

ಮರಮ್ಮ ಶುರು ಮಾಡಿದಳು. ಹೇಳಿದ ಜಾಗದಲ್ಲಿ ನಿಲ್ಲಿಸಿದಳು, ಉಸಿರೆಳೆದುಕೊಂಡಳು. ಆದರೆ ಅಳು ಬರಲಿಲ್ಲ, ನಗು ಬಂತು. ಜ್ವರದಲ್ಲಿ ಸುಡುತ್ತಲೇ, ಸೆರಗನ್ನು ಬಾಯಿಗೊತ್ತಿಕೊಂಡು ನಗತೊಡಗಿದಳು. ಸಾಬರು ತಲೆ ಚಚ್ಚಿಕೊಂಡು, "ಎದ್ದೋಗವ್ವ, ನಿನ್ನ ಕೈಲಾಗಲ್ಲ" ಎಂದು ಬೈದು, ಟೀ ಆರುವ ಮುಂಚೆ ಕುಡಿಯೆಂದು ಲೋಟವನ್ನು ಅವಳ ಮುಂದಕ್ಕೆ ತಳ್ಳಿದರು.